ಮೇಡಂಗೆ ಅಣ್ಣ ಇಲ್ಲವಂತೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಮನುಷ್ಯನನ್ನು ನೋಡಿದರೆ ದೂರು ಕೊಡಲು ಬಂದವನ ಹಾಗೆ ಕಾಣುತ್ತಿರಲಿಲ್ಲ. ಇಸ್ತ್ರಿ ಅಂಗಿ, ಆಗತಾನೆ ಮಾಡಿಸಿದ ಕ್ಷೌರ, ಕೈಯಲ್ಲಿ ಒಂದು ಚೀಲ ಹಣ್ಣು. ಬೀಗರ ಮನೆಗೆ ಹೊರಟವನು ದಾರಿ ತಪ್ಪಿ ಒಳಗೆ ಬಂದಂತಿದ್ದ.

"ಏನಾಗ್ಬೇಕಿತ್ರೀ?" ಎಂದ ದಫೇದಾರ, ಪೆನ್ನಿನ ಕ್ಯಾಪು ತೆಗೆಯದೆಯೇ.

"ನನ್ನ ತಂಗಿ ಸಿಕ್ಕಿದ್ದಾಳೆ ಸಾರ್."

"ಕಳೆದುಹೋದ್ರೆ ಇಲ್ಲಿಗೆ ಬರಬೇಕು ಕಣ್ರೀ. ಸಿಕ್ಕಿದ್ರೆ ಮನೆಗೆ ಕರ್ಕೊಂಡು ಹೋಗ್ಬೇಕು."

"ಅದೇ ಸಾರ್ ತೊಂದರೆ. ತನಗೆ ಅಣ್ಣನೇ ಇಲ್ಲ ಅಂತಿದ್ದಾಳೆ."

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ "ಏನಂತೆ? ಏನಂತೆ?" ಎಂದು ಎರಡು ಸಲ ಕೇಳಿದ. ಯಾವುದನ್ನೂ ಒಂದೇ ಸಲಕ್ಕೆ ಕೇಳಿ ಬಿಡುವ ಅಭ್ಯಾಸ ಅವನಿಗಿರಲಿಲ್ಲ. ಅದಕ್ಕೇ ಠಾಣೆಯವರು ಬೆನ್ನ ಹಿಂದೆ ಅವನನ್ನು 'ಎರಡ್ಸಲ ಸಾಹೇಬ್ರು' ಎನ್ನುತ್ತಿದ್ದರು. ಆರೋಪಿಗಳ ಬಾಯಿ ಬಿಡಿಸುವುದಕ್ಕೆ ಇದೊಂದು ಉಪಾಯ ಎಂದು ಹೊಸದಾಗಿ ಸೇರಿದ ಕಾನ್‌ಸ್ಟೆಬಲ್‌ಗಳು ನಂಬಿಕೊಂಡಿದ್ದರು. ಉಪಾಯವೂ ಇಲ್ಲ, ಮಣ್ಣೂ ಇಲ್ಲ. ಸಾಹೇಬರ ಕಿವಿ ಮಂದವಾಗಿತ್ತು, ಅಷ್ಟೇ. ಅದು ಗೊತ್ತಿದ್ದದ್ದು ಅವನ ಹೆಂಡತಿಗೆ ಮಾತ್ರ. ಟಿವಿಯ ಸದ್ದಿನ ವಿಷಯಕ್ಕೆ ಆ ಮನೆಯಲ್ಲಿ ದಿನ ಬೆಳಗಾದರೆ ಜಗಳ.

ಬಂದವನನ್ನು ಒಳಗೆ ಕರೆಸಿ ಕೂರಿಸಿದ್ದಾಯಿತು. ದೂರದ ಊರೊಂದರಲ್ಲಿ ಅವನದು ಮೋಟಾರು ರಿವೈಂಡಿಂಗ್ ಅಂಗಡಿ. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಸಾಕಿದವನು ಅವನೇ. ಕಿವಿ ಪರೀಕ್ಷೆ ಮಾಡಿ ಶ್ರವಣಯಂತ್ರ ಕೂರಿಸುವ ವಿದ್ಯೆ ಕಲಿಯಲು ಅವಳನ್ನು ಹೊರದೇಶದ ವಿಶ್ವವಿದ್ಯಾಲಯಕ್ಕೆ ಕಳಿಸಿದ. ಅವಳು ಪದವಿ ಮುಗಿಸಿ ಬಂದು ಈ ಊರಲ್ಲಿ ಕೆಲಸ ಹುಡುಕುತ್ತಿದ್ದಾಗ ಅಣ್ಣ ಒಂದು ಸಂಬಂಧ ಗೊತ್ತು ಮಾಡಿದ. ಅವಳು ಒಲ್ಲೆ ಎಂದಳು. ಫೋನಿನಲ್ಲೇ ಮಾತಿಗೆ ಮಾತು ಬೆಳೆಯಿತು. ಇನ್ನು ಈ ಮನೆಯ ಹೊಸ್ತಿಲು ತುಳಿಯಬೇಡ ಎಂದುಬಿಟ್ಟ. ಆಮೇಲೆ ಐದು ವರ್ಷ ಅವಳ ಸುದ್ದಿಯೇ ಇರಲಿಲ್ಲ.

"ಹುಡುಕಲಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದ.

"ಮೊದಲು ನನಗೆ ಸಿಟ್ಟು ಸಾರ್. ಆಮೇಲೆ ಅವಳಿಗೆ ಸಿಟ್ಟಿರಬಹುದು ಅಂತ ನಾಚಿಕೆ. ನಂಬರೂ ಬದಲಾಗಿತ್ತು."

"ಈಗ ಇಲ್ಲಿದ್ದಾಳೆ ಅಂತ ಹೇಗೆ ಗೊತ್ತಾಯ್ತು?"

ಅದಕ್ಕೆ ಉತ್ತರ ಅವನ ಮೊಬೈಲಿನಲ್ಲಿತ್ತು. ತಂಗಿಯನ್ನು ವಿಶ್ವವಿದ್ಯಾಲಯಕ್ಕೆ ಸೇರಿಸುವಾಗ ಅರ್ಜಿ ತುಂಬಿದವನು ಅಣ್ಣ. ಸೈಬರ್ ಸೆಂಟರಿನಲ್ಲಿ ಕೂತು, ಅವಳಿಗೆ ಇಮೇಲ್ ವಿಳಾಸ ಇಲ್ಲವಲ್ಲ ಎಂದು ತನ್ನದನ್ನೇ ಕೊಟ್ಟಿದ್ದ. ನಮ್ಮ ಮನೆಗಳಲ್ಲಿ ನಡೆಯುವುದೇ ಹಾಗೆ. ಮನೆಯ ಅಷ್ಟೂ ಮಂದಿಯ ಕಾಗದಪತ್ರಕ್ಕೆ ಒಬ್ಬನದೇ ಫೋನು, ಒಬ್ಬನದೇ ಇಮೇಲು. ಆಮೇಲೆ ಅದನ್ನು ಬದಲಿಸಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ. ಕಳೆದ ವಾರ ಅದೇ ವಿಳಾಸಕ್ಕೆ ವಿಶ್ವವಿದ್ಯಾಲಯದಿಂದ ಸಂದೇಶ ಬಂದಿತ್ತು. ವಲಸೆಗಾಗಿ ಪದವಿಯ ಮೌಲ್ಯಮಾಪನ ಮಾಡುವ ಸಂಸ್ಥೆಗೆ, ನಿಮ್ಮ ಕೋರಿಕೆಯಂತೆ, ಅಂಕಪಟ್ಟಿಗಳನ್ನು ಕಳಿಸಿದ್ದೇವೆ; ಒಂದು ಪ್ರತಿ ನಿಮ್ಮ ಇಂಥ ವಿಳಾಸಕ್ಕೆ ಬರುತ್ತದೆ; ಹೊಸ ದೇಶದ ಬದುಕಿಗೆ ಶುಭಾಶಯ.

"ಆ ವಿಳಾಸ ನಿಮ್ಮೂರಿನದು ಸಾರ್. ನಿನ್ನೆ ಹೋದೆ. ಕಿವಿ ಕ್ಲಿನಿಕ್ಕು. ಬೋರ್ಡ್ ಮೇಲೆ ನಮ್ಮ ಹುಡುಗಿ ಹೆಸರು! ಕಣ್ತುಂಬಿ ಬಂತು. ಹೊರಗೆ ಕೂತಿದ್ದ ಹುಡುಗಿಗೆ, ಅಣ್ಣ ಬಂದಿದ್ದಾನೆ ಅಂತ ಹೇಳಮ್ಮ ಅಂದೆ. ಒಳಗೆ ಹೋಗಿ ಬಂದ್ಲು. ಮೇಡಂಗೆ ಅಣ್ಣ ಯಾರೂ ಇಲ್ಲವಂತೆ ಅಂದ್ಲು."

ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿದ. "ನೋಡಿ, ಇದು ಮನೆಜಗಳ. ಇದರಲ್ಲಿ ಪೊಲೀಸರು ಏನು ಮಾಡ್ಬೇಕು ಅಂತೀರಿ?"

"ಒಂದ್ಸಲ ಮುಖ ತೋರಿಸ್ಲಿ ಸಾರ್, ಸಾಕು. ಬೈಯಲಿ, ಹೊಡೀಲಿ. ಪದವಿ ಸರಿ ಇದೆ ಅಂತ ಅವರು ಒಪ್ಪಿಬಿಟ್ರೆ ಅವಳು ಹೊರಟ್ಲು. ಆಮೇಲೆ ಈ ಜನ್ಮದಲ್ಲಿ ನನಗೆ ಸಿಗಲ್ಲ."

ಅವನು ಕೊಟ್ಟ ಫೋಟೋದಲ್ಲಿ ಜಡೆ ಹಾಕಿದ ಹದಿನೇಳರ ಹುಡುಗಿ. ಊರಿನ ಯಾವ ಹುಡುಗಿ ಬೇಕಾದರೂ ಆಗಬಹುದಿತ್ತು. "ಗುರುತು ಏನಾದ್ರೂ ಇದೆಯಾ?"

"ಬಲಗಿವಿ ಪೂರ್ತಿ ಕೇಳಲ್ಲ ಸಾರ್. ಚಿಕ್ಕವಳಿದ್ದಾಗ ಮಂಗನಬಾವು ಬಂತು, ಹೋಗುವಾಗ ಕಿವೀನೂ ತಗೊಂಡು ಹೋಯ್ತು. ಮಿಷನ್ ಹಾಕಿದ್ರೂ ಪ್ರಯೋಜನ ಇಲ್ಲ ಅಂದ್ರು ಡಾಕ್ಟ್ರು. ಅದಕ್ಕೇ ಕಿವಿ ವಿದ್ಯೆನೇ ಓದ್ತೀನಿ ಅಂತ ಹಟ ಹಿಡಿದ್ಲು. ರಸ್ತೇಲಿ ನಡೆಯುವಾಗ ನಾನು ಯಾವಾಗ್ಲೂ ಅವಳ ಎಡಕ್ಕೇ ಇರ್ತಿದ್ದೆ."

ಅರ್ಜಿ ವಿಚಾರಣೆ ಎಂದು ಠಾಣಾ ಡೈರಿಯಲ್ಲಿ ಬರೆಸಿ ಅವನನ್ನು ಲಾಡ್ಜಿಗೆ ಕಳಿಸಿದ್ದಾಯಿತು. ಎಫ್‌ಐಆರ್ ಮಾಡುವಂಥದ್ದು ಏನೂ ಇರಲಿಲ್ಲ. ಆಗ ದಫೇದಾರ ತಲೆ ಕೆರೆದುಕೊಂಡು ಹತ್ತಿರ ಬಂದ.

"ಆ ಮೇಡಂ ನನಗೆ ಗೊತ್ತು ಸಾರ್. ದೇವರಂಥ ಹೆಂಗಸು. ನಮ್ಮತ್ತೆ ಕಿವಿ ಮಿಷನ್ ಅವರೇ ಸರಿ ಮಾಡಿಕೊಟ್ಟಿದ್ದು. ಪಾಸ್‌ಪೋರ್ಟ್ ವಿಚಾರಣೆಗೂ ನಾನೇ ಹೋಗಿದ್ದೆ."

"ಅಕ್ಕಪಕ್ಕದವರನ್ನ ಕೇಳಿದ್ರಾ?"

"ಕೇಳ್ದೇ ಇರ್ತೀನಾ ಸಾರ್? ಎರಡು ವರ್ಷದಿಂದ ಇವರೇ ಇರೋದು ಅಂದ್ರು."

"ಅದಕ್ಕೆ ಮುಂಚೆ?"

"ಅದಕ್ಕೆ ಮುಂಚಿಂದು ಯಾಕ್ ಸಾರ್ ಕೇಳೋದು?"

ಇನ್ಸ್‌ಪೆಕ್ಟರ್ ಕತ್ತೆತ್ತಿ ಅವನನ್ನು ನೋಡಿದ. ದಫೇದಾರ ಇದ್ದಕ್ಕಿದ್ದಂತೆ ಜೀಪಿನ ಡೀಸೆಲ್ ವಿಷಯ ಎತ್ತಿದ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಮಾಮೂಲಿ ಅಂಗಿ ಪ್ಯಾಂಟು ತೊಟ್ಟು ಕ್ಲಿನಿಕ್ಕಿಗೆ ಹೋದ. ಹೆಂಡತಿ ವರ್ಷಗಟ್ಟಲೆ ಬಡಿದುಕೊಂಡಿದ್ದ ಕಿವಿ ಪರೀಕ್ಷೆ ಹೀಗಾದರೂ ಆಗಿಹೋಗಲಿ, ಹಾಗೆಯೇ ಅಣ್ಣ ತಂಗಿಗೆ ರಾಜಿ ಮಾಡಿಸಿ ಪುಣ್ಯ ಕಟ್ಟಿಕೊಳ್ಳೋಣ ಎಂದು ಅವನ ಲೆಕ್ಕ. ಜೀಪು ಬೀದಿಯ ತಿರುವಿನಲ್ಲಿ ನಿಂತಿತು. ಅದರಲ್ಲಿ ದಫೇದಾರ, ಒಬ್ಬಳು ಮಹಿಳಾ ಕಾನ್‌ಸ್ಟೆಬಲ್, ಮತ್ತು ಎಷ್ಟು ಹೇಳಿದರೂ ಕೇಳದೆ ಹತ್ತಿ ಕೂತಿದ್ದ ಅಣ್ಣ. ಹಣ್ಣಿನ ಚೀಲ ಅವನ ತೊಡೆಯ ಮೇಲೇ ಇತ್ತು.

ಕ್ಲಿನಿಕ್ಕು ಔಷಧಿ ಅಂಗಡಿಯ ಹಿಂಭಾಗದ ಎರಡು ಕೋಣೆ. ಗೋಡೆಯ ಮೇಲೆ ಸೀಳಿ ತೋರಿಸಿದ ಕಿವಿಯ ಚಿತ್ರ, ಗಾಜಿನ ಪೆಟ್ಟಿಗೆಯಲ್ಲಿ ಶ್ರವಣಯಂತ್ರಗಳು. ಮೂವತ್ತರ ಆಸುಪಾಸಿನ ಹೆಂಗಸು ಎದುರು ಬಂದಳು. ಮೆಲುದನಿ, ಶುಭ್ರವಾದ ಬಿಳಿ ಕೋಟು. ಅವನು ಬಾಯಿ ತೆರೆದ ಕೂಡಲೇ ತಲೆಯನ್ನು ತುಸು ಓರೆ ಮಾಡಿ ಎಡಗಿವಿಯನ್ನು ಅವನ ಕಡೆ ತಂದಳು.

"ಈ ಕಡೆಯಿಂದ ಮಾತಾಡಿ ಸಾರ್. ನನಗೆ ಬಲಗಿವಿ ಇಲ್ಲ."

ಸರಿಹೋಯಿತು. ಇವಳೇ ಆ ತಂಗಿ. ಇನ್ನು ಅನುಮಾನವೇ ಬೇಡ. ಅಣ್ಣನ ಮೇಲೆ ಇಷ್ಟು ಕೋಪ ಯಾಕಮ್ಮಾ ಎಂದು ಹೇಗೆ ಮಾತು ತೆಗೆಯಲಿ ಎಂದು ಅವನು ಯೋಚಿಸುತ್ತಿದ್ದಾಗ ಅವಳು ಯಂತ್ರದ ಮುಂದೆ ಕೂತು ಹೆಡ್‌ಫೋನನ್ನು ತಾನೇ ತಲೆಗೆ ಹಾಕಿಕೊಂಡಳು.

"ಪರೀಕ್ಷೆಗೆ ಮುಂಚೆ ಇದು ಸರಿ ಇದೆಯಾ ಅಂತ ನಾವು ಕೇಳಿ ನೋಡಬೇಕು." ಒಂದು ಗುಂಡಿ ಒತ್ತಿ ತಲೆಯಾಡಿಸಿದಳು. ಇನ್ನೊಂದು ಒತ್ತಿ ಹುಬ್ಬು ಗಂಟಿಕ್ಕಿದಳು. "ಬಲಗಡೆ ಕರಕರ ಅಂತಿದೆ." ತಂತಿಯನ್ನು ಕಿತ್ತು ಮತ್ತೆ ಚುಚ್ಚಿ ಆಲಿಸಿದಳು. "ಹಾಂ, ಈಗ ಸರಿಯಾಯ್ತು. ಬನ್ನಿ."

ಪರೀಕ್ಷೆಯ ಗೂಡು ಒಬ್ಬ ಮನುಷ್ಯ ಮಂಡಿ ಮಡಚಿ ಕೂರುವಷ್ಟಿತ್ತು. ಗೋಡೆಗೆಲ್ಲ ದಪ್ಪ ಸ್ಪಂಜು. ಅವನ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಎಂದು ಹೇಳಿ ಅವಳು ಬಾಗಿಲು ಮುಚ್ಚಿದಳು. ಮುಚ್ಚಿದ ಕೂಡಲೇ ಬೀದಿ ಸತ್ತಿತು, ಊರು ಸತ್ತಿತು. ತನ್ನ ಎದೆಬಡಿತ ತನಗೇ ಕೇಳತೊಡಗಿತು. ಎದುರಿನ ಚಿಕ್ಕ ಗಾಜಿನಾಚೆ ಅವಳ ಮುಖವೊಂದೇ ಕಾಣುತ್ತಿತ್ತು. ಎಲ್ಲಿಂದಲೋ ಸಣ್ಣಗೆ ಒಂದು ಸ್ವರ. ಒತ್ತಿದ. ಇನ್ನೊಂದು. ಒತ್ತಿದ. ಮೂರನೆಯದು ಬಲಗಡೆಯಿಂದ ಬಂತು, ಬಂದದ್ದೇ ತಡ ಅವನ ಕೈ ನಿಂತುಹೋಯಿತು.

ಬಲಗಡೆಯ ಕರಕರ ಅವಳಿಗೆ ಹೇಗೆ ಕೇಳಿಸಿತು?

ಬಲಗಿವಿ ಇಲ್ಲದವಳು ಎರಡೂ ಕಡೆಯದನ್ನು ಎಡಗಿವಿಗೇ ಹಿಡಿದು ನೋಡಬೇಕಿತ್ತು. ಇವಳು ದಿನಾ ಮಾಡುವ ಕೆಲಸವನ್ನು ದಿನಾ ಮಾಡುವಂತೆ ಮಾಡಿದ್ದಳು. ನಟನೆ ನಾಲಿಗೆಯಲ್ಲಿತ್ತು, ಕತ್ತಿನಲ್ಲಿತ್ತು, ಕೈಗೆ ಮಾತ್ರ ಇಳಿದಿರಲಿಲ್ಲ. ಇವಳು ಆ ತಂಗಿಯಲ್ಲ. ಹಾಗಾದರೆ ಆ ಹುಡುಗಿ ಎಲ್ಲಿ? ಪದವಿ ಇಲ್ಲಿದೆ, ಹೆಸರು ಇಲ್ಲಿದೆ, ಕೇಳದ ಕಿವಿಯೂ ಇಲ್ಲಿದೆ. ಇಷ್ಟನ್ನೂ ಒಬ್ಬಳು ಹೊತ್ತು ತಿರುಗುತ್ತಿದ್ದಾಳೆಂದರೆ ಅದರ ಯಜಮಾನಿ ಕೇಳಿಕೊಂಡು ಬರುವುದಿಲ್ಲ ಎಂದು ಇವಳಿಗೆ ಖಾತ್ರಿಯಾಗಿ ಗೊತ್ತಿರಬೇಕು.

"ಒತ್ತಿ ಸಾರ್." ಅವಳ ದನಿ ಹೆಡ್‌ಫೋನಿನಲ್ಲಿ, ತಲೆಯೊಳಗೇ ಕೂತು ಮಾತಾಡಿದಂತೆ ಬಂತು. "ಕೇಳಿಸ್ತಿಲ್ವಾ?"

ಒತ್ತಿದ. ಗಾಜಿನಾಚೆಯ ಕಣ್ಣು ಅವನನ್ನೇ ನೋಡುತ್ತಿತ್ತು. ಬಾಗಿಲು ಹೊರಗಿನಿಂದ ಮಾತ್ರ ತೆರೆಯುವಂಥದ್ದು ಎಂದು ಅವನಿಗೆ ಆಗ ನೆನಪಾಯಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಎಷ್ಟೋ ರೌಡಿಗಳ ಮನೆಗೆ ಒಬ್ಬನೇ ನುಗ್ಗಿದವನು, ಆ ಸ್ಪಂಜಿನ ಗೂಡಿನಲ್ಲಿ ನಿಜಕ್ಕೂ ಹೆದರಿದ.

ಬಾಗಿಲು ತೆರೆಯಿತು. ಅವಳು ಕಾಗದದ ಮೇಲೆ ಇಳಿಯುವ ಗೆರೆಯೊಂದನ್ನು ತೋರಿಸಿದಳು.

"ಎಡಗಿವಿಗೆ ಸಣ್ಣ ಸ್ವರಗಳು ಹೋಗಿಬಿಟ್ಟಿವೆ. ಬಂದೂಕು ಹಿಡಿಯೋ ಕೆಲಸನಾ ಸಾರ್?"

"ಹೌದು."

"ಮೊನ್ನೆ ಅಣ್ಣ ಅಂತ ಹೇಳ್ಕೊಂಡು ಬಂದಿದ್ರಲ್ಲ, ಅವರು ಕಳಿಸಿದ್ರಾ?"

"ಹೌದು. ಒಂದು ಮಾತು ಕೇಳ್ಲಾ ಮೇಡಂ? ಬಲಗಡೆ ಕರಕರ ಅಂತು ಅಂದ್ರಲ್ಲ, ಅದು ಯಾವ ಕಿವಿಗೆ ಕೇಳಿಸ್ತು?"

ಅವಳ ಕತ್ತು ಅಭ್ಯಾಸಬಲದಿಂದ ಓರೆಯಾಗತೊಡಗಿ ಅರ್ಧಕ್ಕೇ ನಿಂತಿತು. ಇನ್ಸ್‌ಪೆಕ್ಟರ್ ಅವಳ ಮೇಲಿಂದ ಕಣ್ಣು ತೆಗೆಯದೆ ದಫೇದಾರನಿಗೆ ಫೋನ್ ಮಾಡಿದ.

ಅಣ್ಣ ಎಲ್ಲರಿಗಿಂತ ಮೊದಲು ಒಳಗೆ ಓಡಿ ಬಂದ. ನಗುತ್ತಲೇ ಬಂದವನು ಅವಳನ್ನು ಕಂಡು ನಿಂತ. ನಗು ಇನ್ನೂ ಮುಖದ ಮೇಲಿತ್ತು.

"ಅರೆ, ನೀನು ಅವಳ ಫ್ರೆಂಡ್ ಅಲ್ವೇನಮ್ಮಾ? ಏರ್‌ಪೋರ್ಟಿನಲ್ಲಿ ನೋಡಿದ್ದೆ, ಇಬ್ಬರೂ ಒಟ್ಟಿಗೇ ಓದೋಕೆ ಹೊರಟಿದ್ರಲ್ಲ." ಅವಳ ಹಿಂದೆ ಇನ್ನೊಂದು ಕೋಣೆ ಇದೆಯೇನೋ ಎಂದು ಇಣುಕಿದ. "ಅವಳೆಲ್ಲಿ? ನನ್ನನ್ನ ನೋಡಿ ಒಳಗೆ ಕೂತಿದ್ದಾಳಾ? ಹೇಳಮ್ಮಾ, ಸಿಟ್ಟು ಮಾಡಲ್ಲ ಅಂತ ಹೇಳು."

ಮಹಿಳಾ ಕಾನ್‌ಸ್ಟೆಬಲ್ ಆ ಹೆಂಗಸಿನ ತೋಳು ಹಿಡಿದಳು. ದಫೇದಾರ ಅಣ್ಣನ ಕೈಯಿಂದ ಚೀಲವನ್ನು ಮೆಲ್ಲಗೆ ಇಸಿದುಕೊಂಡ.

ಸಂಜೆ ಐದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಬೇರೆಯವರ ಹೆಸರಿನ ಸೋಗು, ವಂಚನೆ, ಸುಳ್ಳು ದಾಖಲೆ. ಜೊತೆಗೆ ಮಹಿಳೆ ಕಾಣೆಯಾದ ಪ್ರಕರಣ. ಠಾಣೆಯಲ್ಲಿ ಆ ಸ್ನೇಹಿತೆ ನೆಟ್ಟಗೆ ಕೂತಿದ್ದಳು.

"ಅವಳ ಪದವಿ ನಿಮ್ಮ ಕೈಗೆ ಹೇಗೆ ಬಂತು?"

"ಬಿಟ್ಟು ಹೋದ್ಲು."

"ಎಲ್ಲಿಗೆ ಹೋದ್ಲು?"

"ಹೋದ್ಲು."

"ಎಲ್ಲಿಗೆ?"

ಇನ್ಸ್‌ಪೆಕ್ಟರ್ ಎರಡು ಸಲವಲ್ಲ, ಹತ್ತು ಸಲ ಕೇಳಿದರೂ ಅಷ್ಟೇ ಉತ್ತರ. ಆದರೆ ಇಬ್ಬರೂ ಹಿಂದೆ ಬಾಡಿಗೆಗಿದ್ದ ಮನೆ ಎಲ್ಲಿ ಎಂದಾಗ ಅವಳು ಬಾಯಾರಿದವಳಂತೆ ತುಟಿ ಸವರಿಕೊಂಡಳು. ಅಷ್ಟು ಸಾಕಾಯಿತು. ಅವಳ ಹಳೆಯ ಗ್ಯಾಸ್ ಸಂಪರ್ಕದ ವಿಳಾಸ ಹಿಡಿದು ಬುಧವಾರ ಬೆಳಿಗ್ಗೆಯೇ ಅಲ್ಲಿಗೆ ಹೋದರು.

ಊರಂಚಿನ ಮಹಡಿ ಮನೆ. ಹೊರಗಿನಿಂದ ಹತ್ತುವ ಕಡಿದಾದ ಸಿಮೆಂಟ್ ಮೆಟ್ಟಿಲು, ಪಕ್ಕಕ್ಕೆ ಹಿಡಿಯಲು ಕಂಬಿ ಇಲ್ಲ. ಮನೆಯ ಯಜಮಾನ ನಿವೃತ್ತ ಮೇಷ್ಟ್ರು, ಮಾತಿಗೆ ಕೂತರೆ ಎದ್ದೇಳುವವರಲ್ಲ.

"ಇಬ್ಬರೂ ಒಂದೇ ತಾಯಿ ಮಕ್ಕಳ ಥರ ಇದ್ರು ಸಾರ್. ಒಬ್ಬಳು ಊರಿಗೆ ಹೊರಟುಹೋದ್ಲು ಅಂತ ಇನ್ನೊಬ್ಬಳು ಹೇಳಿದ್ಲು. ಒಂದು ಮಾತು ಹೇಳದೆ ಹೋದ್ಲಲ್ಲ ಅಂತ ನಮ್ಮನೆಯವಳಿಗೆ ಬೇಜಾರು."

"ಯಾವಾಗ?"

"ಹಿತ್ತಿಲಲ್ಲಿ ಇಂಗುಗುಂಡಿ ತೆಗೆಸಿದ್ವಲ್ಲ, ಆಗ. ನಾವು ಕೆಳಗಿನ ಮನೆಗೆ ಇನ್ನೂ ಬಂದಿರಲಿಲ್ಲ."

"ಏನು ತೆಗೆಸಿದ್ದು?"

"ಗುಂಡಿ ಸಾರ್. ಬಚ್ಚಲ ನೀರು ಇಂಗೋಕೆ. ಮಾರನೇ ದಿನ ಕಲ್ಲು ತುಂಬೋಕೆ ಬಂದ ಮೇಸ್ತ್ರಿ, ತಳಕ್ಕೆ ಯಾರೋ ಮಣ್ಣು ಎಳೆದಿದ್ದಾರೆ ಅಂತ ಗೊಣಗಿದ. ಮಳೆಗೆ ಕುಸಿದಿರ್ಬೇಕು ಬಿಡಯ್ಯ ಅಂದೆ." ಮೇಷ್ಟ್ರು ಹಿತ್ತಿಲ ಕಡೆ ತಿರುಗಿದರು. "ಆಗ ಮಳೆಗಾಲ ಆಗಿರಲಿಲ್ಲ ಸಾರ್."

ಗುರುವಾರ ತಹಶೀಲ್ದಾರರು, ಸರ್ಕಾರಿ ವೈದ್ಯರು, ಇಬ್ಬರು ಪಂಚರ ಸಮಕ್ಷಮ ಗುಂಡಿಯ ಚಪ್ಪಡಿ ಎತ್ತಿದರು. ಕಲ್ಲು ತೆಗೆಯುವುದೇ ಮಧ್ಯಾಹ್ನದವರೆಗೆ ಆಯಿತು. ಗೇಟಿನ ಬಳಿ ನಿಂತು "ಏನು ಹುಡುಕ್ತಿದ್ದೀರಿ ಸಾರ್" ಎಂದು ಕೇಳುತ್ತಲೇ ಇದ್ದ ಅಣ್ಣನನ್ನು ದಫೇದಾರ ಟೀ ಕುಡಿಸುವ ನೆಪದಲ್ಲಿ ಆಚೆ ಬೀದಿಗೆ ಕರೆದುಕೊಂಡು ಹೋದ. ಮೊದಲು ಬಂದದ್ದು ಪ್ರಯಾಣದ ಸೂಟ್‌ಕೇಸಿನ ಒಂದು ಗಾಲಿ. ಆಮೇಲೆ ಸೂಟ್‌ಕೇಸು. ಅದರ ಕೆಳಗೆ ಅವಳು. ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಎರಡು ಸಲ ಪೆನ್ನು ಕೆಳಗಿಟ್ಟ.

ಸುದ್ದಿ ಹೇಳಿದಾಗ ಸ್ನೇಹಿತೆ ಅಳಲಿಲ್ಲ. ಭಾರ ಇಳಿಸಿದವಳಂತೆ ಬೆನ್ನು ಬಾಗಿಸಿದಳು.

"ಮೆಟ್ಟಿಲ ಮೇಲೆ ಸೂಟ್‌ಕೇಸ್ ಹಿಡ್ಕೊಂಡು ಜಗ್ಗಿದೆ. ಹೋಗ್ಬೇಡ ಅಂತ. ಅವಳು ಬಿಟ್ಟುಬಿಟ್ಲು, ಹಾಗೇ ಹಿಂದಕ್ಕೆ ಉರುಳಿದ್ಲು."

"ಬಿದ್ದ ಕೂಡಲೇ ಸತ್ತಳಾ?"

"ಇಲ್ಲ. ಮಧ್ಯಾಹ್ನ ಬಿದ್ದಿದ್ದು. ಸಂಜೆವರೆಗೂ ಉಸಿರು ಕೇಳ್ತಾ ಇತ್ತು. ಪಕ್ಕದಲ್ಲೇ ಕೂತಿದ್ದೆ."

"ಆಂಬುಲೆನ್ಸ್‌ಗೆ ಫೋನ್ ಮಾಡಲಿಲ್ಲ ಯಾಕೆ?"

"ಉಳಿದುಬಿಟ್ರೆ ಮತ್ತೆ ಹೊರಡ್ತಾಳಲ್ಲ ಸಾರ್."

ಇಷ್ಟನ್ನು ಅವಳು ಅದೇ ಮೆಲುದನಿಯಲ್ಲಿ ಹೇಳಿದಳು. ಇನ್ಸ್‌ಪೆಕ್ಟರ್‌ಗೆ ಒಂದೇ ಸಲಕ್ಕೆ ಕೇಳಿಸಿತು. ಕೇಳಿಸದೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಕೊಲೆಯ ಕಲಮು ಸೇರಿಸಿ ಬಂಧನ ದಾಖಲಿಸಲು ಹೇಳಿದ.

ಉಳಿದದ್ದನ್ನು ಅವಳೇ ಹೇಳಿದಳು. ನಾಲ್ಕು ವರ್ಷ ಇಬ್ಬರೂ ಅಕ್ಕಪಕ್ಕ ಕೂತು ಓದಿದರು. ಕೊನೆಯ ಒಂದು ವಿಷಯದಲ್ಲಿ ಇವಳು ಮೂರು ಸಲ ಬರೆದರೂ ದಾಟಲಿಲ್ಲ. ಅಷ್ಟರಲ್ಲಿ ಊರಲ್ಲಿ ಅಪ್ಪ ಮಗಳ ಹೆಸರಿನ ಮುಂದೆ ಪದವಿ ಬರೆಸಿ ಮನೆಗೆ ಬೋರ್ಡ್ ಹಾಕಿಬಿಟ್ಟಿದ್ದರು. ಅದರ ಕೆಳಗೆ ನಡೆದು ಒಳಗೆ ಹೋಗುವುದು ಇವಳಿಂದ ಆಗಲಿಲ್ಲ. ಹೊರದೇಶದಲ್ಲೇ ಕೆಲಸ ಸಿಕ್ಕಿದೆ ಎಂದು ಅಪ್ಪನಿಗೆ ಹೇಳಿ, ಗೆಳತಿಯ ಜೊತೆ ಬಂದು ಈ ಊರಲ್ಲಿ ಅಡಗಿದಳು. ಅವಳ ಪದವಿ, ಇಬ್ಬರ ದುಡಿಮೆ, ಒಂದು ಕ್ಲಿನಿಕ್ಕು ಎಂದು ಮಾತಾಗಿತ್ತು. ಗೆಳತಿ ಸತ್ತ ಮೇಲೆ ಅವಳ ಹೆಸರಲ್ಲಿ ಕೆಲಸ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಈಚೆಗೆ ಅಪ್ಪ ಒಂದು ಸಲ ಬಂದು ನಿನ್ನ ದೇಶ ನೋಡುತ್ತೇನೆ ಎಂದು ಹಟ ಹಿಡಿದಿದ್ದರು. ಅದಕ್ಕೇ ವಲಸೆ ಅರ್ಜಿ, ಅದಕ್ಕೇ ಪದವಿಯ ಮೌಲ್ಯಮಾಪನ. ಐದು ವರ್ಷದ ಸುಳ್ಳೊಂದನ್ನು ಹೇಗಾದರೂ ನಿಜ ಮಾಡಬೇಕಿತ್ತು.

"ಅವಳಿಗೆ ಬೈಯೋಕಾದ್ರೂ ಒಬ್ಬ ಅಣ್ಣ ಇದ್ದ ಸಾರ್. ಬೈಸಿಕೊಂಡು ಒಳಗೆ ಹೋಗಬಹುದಿತ್ತು. ನಮ್ಮಪ್ಪ ನನಗೆ ಯಾವತ್ತೂ ಬೈದಿಲ್ಲ."

ಶುಕ್ರವಾರ ಬೆಳಿಗ್ಗೆ ಅಣ್ಣನನ್ನು ಹೇಳಿಕೆಗೆ ಕರೆಸಿದರು. ಹಿಂದಿನ ಸಂಜೆ ಶವಾಗಾರದ ಬಾಗಿಲಲ್ಲಿ ಕಂಡಿದ್ದ ಮನುಷ್ಯ ಈಗ ಅರ್ಧವಾಗಿದ್ದ. ದಫೇದಾರ ನೀರು ತಂದಿಟ್ಟ. ಕುಡಿಯಲಿಲ್ಲ.

"ಸೂಟ್‌ಕೇಸ್ ಇತ್ತಂತಲ್ಲ ಸಾರ್. ಎಲ್ಲಿಗೆ ಹೊರಟಿದ್ಲು?"

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ನೋಡಿದ. ಹೇಳದೆ ಬಿಡಬಹುದು. ಆದರೆ ನ್ಯಾಯಾಲಯದಲ್ಲಿ ನಾಳೆ ಯಾರೋ ವಕೀಲ ಓದಿ ಹೇಳುವ ಬದಲು ಇವತ್ತು ತಾನೇ ಹೇಳುವುದು ವಾಸಿ.

"ನಿಮ್ಮ ಮನೆಗೆ. ನಿಮಗೆ ಮಗು ಹುಟ್ಟಿತ್ತಲ್ಲ, ಆಗ. ನಿಮ್ಮ ಹೆಂಡತಿ ಹೇಗೋ ಅವಳ ಹೊಸ ನಂಬರ್ ಹುಡುಕಿ ಗುಟ್ಟಾಗಿ ಫೋನ್ ಮಾಡಿದ್ರಂತೆ. ಹೇಳದೆ ಬಂದು ಬಾಗಿಲಲ್ಲಿ ನಿಂತ್ಕೋ, ಮಗು ನೋಡೋಕೆ ಬಂದವಳನ್ನ ನಿಮ್ಮಣ್ಣ ಓಡಿಸಲ್ಲ ಅಂದ್ರಂತೆ."

ಅಣ್ಣ ಮುಂದಿದ್ದ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ.

"ನಮ್ಮವಳು ಒಂದು ಮಾತೂ ಹೇಳಲಿಲ್ಲ ಸಾರ್. ಕರೆದ್ರೂ ಬರಲಿಲ್ಲ ಅಂತ ಅವಳೂ ಮನಸ್ಸಲ್ಲೇ ಇಟ್ಕೊಂಡಿರ್ಬೇಕು." ಅವನು ಕಣ್ಣೊರೆಸಿಕೊಂಡ. "ಆ ದಿನಗಳಲ್ಲಿ ಎಳೇ ಬಾಣಂತಿ, ಎಷ್ಟು ಹೇಳಿದ್ರೂ ಮುಂಬಾಗಿಲು ಹಾಕೋಕೆ ಬಿಡ್ತಿರಲಿಲ್ಲ. ಸೆಕೆ ಅಂತಿದ್ಲು. ಮಗೂಗೆ ಗಾಳಿ ಬಡಿಯುತ್ತೆ ಅಂತ ಬೈದು ನಾನೇ ಹಾಕಿಬಿಟ್ಟೆ."